ಅಂಗಳಕ್ಕೆ ಬೇಕಾಗಿದ್ದ ಕತ್ತಲು

ಏಪ್ರಿಲ್ ಒಂಬತ್ತು, ಬುಧವಾರ, ಬೆಳಿಗ್ಗೆ ಹತ್ತೂಕಾಲು. ಶಹಾಪುರ ಠಾಣೆಗೆ ಬಂದ ದೂರುದಾರ ಕುರ್ಚಿಯಲ್ಲಿ ಕೂರುವ ಮೊದಲೇ ದೂರು ಶುರು ಮಾಡಿದ.

“ಮೇಡಂ, ಮೊನ್ನಿ ನಮ್ಮ ಜನರೇಟರಿನ ಬ್ಯಾಟರಿ ಕಳುವಾಗ್ಯಾದ್ರಿ. ಹೋದ ತಿಂಗಳ ಕೂಡಿಸಿದ್ದು. ಸಂಜಿ ಆದ್ರ ಇಡೀ ಬಿಲ್ಡಿಂಗ್ ಕತ್ತಲಾಗ ಕುಂದರತದ.”

ಹೆಸರು ಪ್ರವೀಣಕುಮಾರ. ಕಾಲೇಜಿನಲ್ಲಿ ಗುಮಾಸ್ತ, ಸಂಗಮ ಅಪಾರ್ಟ್‌ಮೆಂಟಿನ ಸಂಘಕ್ಕೆ ಕಾರ್ಯದರ್ಶಿ. ಊರಲ್ಲಿ ಯಾವ ಕಟ್ಟಡಕ್ಕೂ ಇಲ್ಲದ ಜನರೇಟರನ್ನು ತಾನು ಮುಂದೆ ನಿಂತು ತರಿಸಿದೆನೆಂಬ ಹೆಮ್ಮೆ ಅವನಿಗೆ ಬಹಳವಿತ್ತು. ಹಾಗಾಗಿ ಕಳ್ಳ ತನ್ನ ಜೇಬಿಗೇ ಕೈ ಹಾಕಿದಂತೆ ಮಾತಾಡುತ್ತಿದ್ದ.

ಎದುರಿಗಿದ್ದವರು ಪಿಎಸ್‌ಐ ಪರಿಮಳಾ. ಆಕೆಯ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಠಾಣೆಯವರು ಹೇಳುತ್ತಾರೆ. ಮಧ್ಯಾಹ್ನ ದೇವಕಮ್ಮನ ಜೋಳದ ರೊಟ್ಟಿ ಬಂದೊಡನೆ ಆ ಸಿಟ್ಟು ಇಳಿಯುತ್ತದೆ ಎಂದು ಹೇಳುವವರೂ ಅವರೇ. ರೊಟ್ಟಿಗೆ ಇನ್ನೂ ಬಹಳ ಹೊತ್ತಿತ್ತು.

“ಬ್ಯಾಟರಿ ಇಲ್ಲಂದ್ರ ಜನರೇಟರ್ ಚಾಲೂ ಆಗಂಗಿಲ್ಲೇನು?”

“ಇಲ್ರಿ. ಕರೆಂಟ್ ಹೋದ ಕೂಡ್ಲೆ ತನ್ನಷ್ಟಕ್ಕ ತಾನ ಚಾಲೂ ಆಗೋ ಮಷೀನ್ರಿ ಅದು. ಚಾಲೂ ಆಗಾಕ ಬ್ಯಾಟರಿ ಬೇಕ. ಲಿಫ್ಟು, ನೀರಿನ ಪಂಪು, ಅಂಗಳದ ದೊಡ್ಡ ದೀಪ, ಎಲ್ಲಾ ಅದರ ಮ್ಯಾಲೇ ನಡೀತದ.”

“ಡೀಸೆಲ್?”

“ಮುಟ್ಟಿಲ್ರಿ.”

“ತಾಮ್ರದ ಕೇಬಲ್?”

“ಅದೂ ಹಂಗೇ ಅದ.”

“ಮೊದ್ಲ ಏನರ ಆಗಿತ್ತೇನು?”

ಪ್ರವೀಣಕುಮಾರ ಸ್ವಲ್ಪ ಯೋಚಿಸಿದ. “ಎರಡು ಸಲ ಯಾರೋ ಕೆಂಪು ಬಟನ್ ಒತ್ತಿ ಬಂದ್ ಮಾಡಿದ್ರು. ಹುಡುಗ್ರ ಆಟ ಅಂದ್ಕೊಂಡ್ವಿ.”

“ಕೀಲಿ ಹಾಕ್ಸಿಲ್ಲ?”

“ಮೆಕ್ಯಾನಿಕ್ ಬಂದಾಗ ಕೀಲಿ ಹುಡುಕೋದು ತ್ರಾಸು ಅಂತ ಹಂಗೇ ಬಿಟ್ಟೀವ್ರಿ.”

ಕಳವಿನ ಕಲಂ ಅಡಿ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಪರಿಮಳಾ ಹೆಡ್ ಕಾನ್‌ಸ್ಟೆಬಲ್ ಭೀಮರಾಯನ ಜೊತೆ ಸ್ಥಳಕ್ಕೆ ಹೋದರು. ರಸ್ತೆಯ ಮೇಲೆ ಮುಂದಿನ ಗೇಟು, ಅದರ ಪಕ್ಕ ನೆಲಮಹಡಿಯಲ್ಲಿ ದೇವಕಮ್ಮನ ರೊಟ್ಟಿ ಕೇಂದ್ರ. ಅದರ ಹಿಂಬಾಗಿಲು ಒಳಗಿನ ಅಂಗಳಕ್ಕೆ ತೆರೆಯುತ್ತಿತ್ತು. ಬಾಗಿಲ ಪಕ್ಕದಲ್ಲಿ ಒಂದು ಕಲ್ಲು ಬೆಂಚು, ಬೆಂಚಿನಿಂದ ನಾಲ್ಕು ಹೆಜ್ಜೆಗೆ ಹಸಿರು ಬಣ್ಣದ ಕಬ್ಬಿಣದ ಪೆಟ್ಟಿಗೆಯೊಳಗೆ ಜನರೇಟರ್. ಸುರಪುರದಿಂದ ಮೆಕ್ಯಾನಿಕ್ ಸೊಹೇಲ್ ಬಂದಿದ್ದ. ಇಬ್ಬರು ಪಂಚರ ಎದುರಿಗೆ ಪಂಚನಾಮೆ ಶುರುವಾಯಿತು.

ಬ್ಯಾಟರಿ ಕೂರುವ ತಟ್ಟೆ ಖಾಲಿ. ಕೇಬಲ್ಲಿನ ಎರಡೂ ತುದಿಗಳನ್ನು ಕತ್ತರಿಸಿರಲಿಲ್ಲ, ನಟ್ಟು ಬಿಚ್ಚಿ ನೀಟಾಗಿ ಪಕ್ಕಕ್ಕೆ ಮಡಚಿಟ್ಟಿದ್ದರು. ಬಿಚ್ಚಿದ ನಟ್ಟುಗಳನ್ನು ಕಳೆದುಹೋಗದಂತೆ ತಟ್ಟೆಯ ಮೂಲೆಯಲ್ಲೇ ಇಟ್ಟಿದ್ದರು. ಇಷ್ಟು ಮರ್ಯಾದೆಯ ಕಳ್ಳನನ್ನು ಭೀಮರಾಯ ತನ್ನ ಇಡೀ ನೌಕರಿಯಲ್ಲಿ ನೋಡಿರಲಿಲ್ಲ.

ನಟ್ಟುಗಳ ಮೇಲೂ ಪೆಟ್ಟಿಗೆಯ ಚಿಲಕದ ಮೇಲೂ ಸ್ವಲ್ಪ ಬಿಳಿ ಪುಡಿ ಇತ್ತು.

“ಇದೇನು?” ಎಂದರು ಪರಿಮಳಾ.

“ಬ್ಯಾಟರಿಗೆ ಹಿಂಗ ಬೆಳ್ಳಗ ಬೂಸ್ಟು ಕಟ್ಟತದ್ರಿ ಮೇಡಂ,” ಎಂದ ಸೊಹೇಲ್. “ಆ್ಯಸಿಡಿನ ಪುಡಿ. ಕೈ ಹಚ್ಚಬ್ಯಾಡ್ರಿ.”

ಪರಿಮಳಾ ಕೈ ಹಿಂದಕ್ಕೆ ತೆಗೆದುಕೊಂಡರು. ‘ಬ್ಯಾಟರಿಯ ಬಿಳಿ ಪುಡಿ’ ಎಂದು ಭೀಮರಾಯ ಪಂಚನಾಮೆಯಲ್ಲಿ ಬರೆದ. ತಿಂಗಳ ಹಿಂದೆ ಕೂಡಿಸಿದ ಹೊಸ ಬ್ಯಾಟರಿಗೆ ಇಷ್ಟು ಬೇಗ ಅದು ಹೇಗೆ ಕಟ್ಟಿತು ಎಂದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೊಟ್ಟೆ ಹಸಿದಿತ್ತು, ಬಿಸಿಲು ನೆತ್ತಿಯ ಮೇಲಿತ್ತು.

ಮನೆಮನೆ ವಿಚಾರಣೆಯಲ್ಲಿ ಯಾರೂ ಏನೂ ನೋಡಿರಲಿಲ್ಲ. ಎರಡನೇ ಮಹಡಿಯಲ್ಲಿ ನಿವೃತ್ತ ಶಿಕ್ಷಕಿ ಸುಮಂಗಲಾ ಬಾಗಿಲು ತೆರೆದರು. ಮಗ ಸುನೀಲಕುಮಾರ ತಹಶೀಲ್ದಾರ್ ಕಚೇರಿಯಲ್ಲಿ ಕ್ಲರ್ಕು, ಕೆಲಸಕ್ಕೆ ಹೋಗಿದ್ದ. ಆಕೆಯ ಮೊಣಕಾಲಿಗೆ ಪಟ್ಟಿ ಸುತ್ತಿತ್ತು.

“ಕಾಲಿಗೇನಾತ್ರಿ ಟೀಚರ್?”

“ಮೆಟ್ಟಿಲ ಮ್ಯಾಲ ಬಿದ್ದೆ.”

“ಕತ್ತಲಾಗ?”

“ಇಲ್ಲ. ಬೆಳಕಿನಾಗ,” ಎಂದರು ಸುಮಂಗಲಾ, ಬೆಳಕಿನ ಮೇಲೆಯೇ ಸಿಟ್ಟಿರುವವರಂತೆ.

ಪೊಲೀಸರು ಹೊರಡುವಾಗ ಆಕೆ ಒಂದು ಮಾತು ಕೇಳಿದರು. “ಕೆಳಗ ಅಂಗಡ್ಯಾಗೂ ಕೇಳಿದ್ರೇನು? ಅಲ್ಲಿ ಯಾರಿಗೂ ಏನೂ ಆಗಿಲ್ಲಲ್ಲ?” ಅಂಗಡಿಯವಳ ಹೆಸರನ್ನು ಮಾತ್ರ ಹೇಳಲಿಲ್ಲ. ಪರಿಮಳಾ ಅದನ್ನು ಗಮನಿಸಿದರು, ಆದರೆ ಅದಕ್ಕೆ ಏನರ್ಥ ಮಾಡಬೇಕೆಂದು ಅವರಿಗೆ ಆಗ ತಿಳಿಯಲಿಲ್ಲ.

ಮುಂದಿನ ಕೆಲಸ ಗುಜರಿ ಅಂಗಡಿಗಳದ್ದು. ಕದ್ದ ಬ್ಯಾಟರಿ ಸೀಸದ ತೂಕಕ್ಕೆ ಹೋಗುತ್ತದೆ, ತೂಕದ ತಕ್ಕಡಿ ಇರುವುದು ಗುಜರಿಯಲ್ಲಿ. ಭೀಮರಾಯ ಶಹಾಪುರ, ಸುರಪುರ, ಯಾದಗಿರಿ ಮೂರೂ ಕಡೆ ತಿರುಗಿ ಬರಿಗೈಯಲ್ಲಿ ಬಂದ. ಆಗ ಪ್ರವೀಣಕುಮಾರ ಫೋನು ಮಾಡಿ, ತಮ್ಮ ವಾಚ್‌ಮನ್ ಅರ್ಜುನ ಹೋದ ವಾರವಷ್ಟೇ ಕೆಲಸ ಬಿಟ್ಟು ಕಡೇಚೂರಿನ ಕಾರ್ಖಾನೆಗೆ ಸೇರಿದ್ದಾನೆ ಎಂದು ತಿಳಿಸಿದ. ಭೀಮರಾಯನ ಕಣ್ಣುಗಳು ಹೊಳೆದವು. ಕೆಲಸ ಬಿಟ್ಟ ವಾಚ್‌ಮನ್ ಎಂದರೆ ಅವನ ಪ್ರಕಾರ ಕೇಸು ಅರ್ಧ ಮುಗಿದಂತೆ.

ಶುಕ್ರವಾರ ಇಬ್ಬರೂ ಕಡೇಚೂರಿಗೆ ಹೋದರು. ಅರ್ಜುನ ಕಾರ್ಖಾನೆ ಗೇಟಿನ ಎದುರಿನ ಚಹಾದಂಗಡಿಯಲ್ಲಿ ಸಿಕ್ಕ. ಕಳುವಾದ ದಿನ ಅವನು ಹಗಲೂ ರಾತ್ರಿ ಇಲ್ಲೇ ಪಾಳಿಯಲ್ಲಿದ್ದುದಕ್ಕೆ ಮೇಸ್ತ್ರಿಯೇ ಸಾಕ್ಷಿ ಹೇಳಿದ. ಅರ್ಧ ಮುಗಿದ ಕೇಸು ಮತ್ತೆ ಶುರುವಿಗೆ ಬಂತು.

“ಕೆಂಪು ಬಟನ್ ಯಾರು ಒತ್ತತಿದ್ರು, ಗೊತ್ತೇನು?” ಎಂದರು ಪರಿಮಳಾ.

“ನೋಡಿಲ್ರಿ. ಆದ್ರ ಟೀಚರಮ್ಮ ಬಿದ್ದಿದ್ದು ನೋಡೀನಿ. ಜನರೇಟರ್ ಬಂದ ಹೊಸದಾಗ, ಸಂಜಿ ಮುಂದ ಕರೆಂಟ್ ಹೋತು. ಅಮ್ಮ ಅಂಗಳಕ್ಕ ಇಳಿದು ಬಂದ್ರು. ಆವತ್ತ ಮಷೀನು ಜರಾ ತಡಮಾಡಿ ಚಾಲೂ ಆತು. ದೀಪ ಬಂದದ್ದ ತಡ, ಚೀರಿ, ಕಣ್ಣು ಗಟ್ಟಿ ಮುಚ್ಕೊಂಡು ಓಡಿದ್ರು. ಮೆಟ್ಟಿಲ ಮ್ಯಾಲ ಬಿದ್ರು.”

“ಕಣ್ಣು ಮುಚ್ಕೊಂಡು ಓಡಿದ್ರು?”

“ಹೌದ್ರಿ. ಮೊದ್ಲಿಂದ ಆಕಿ ಹಂಗೇ. ಕತ್ತಲಾದ್ರ ಟಾರ್ಚ್ ಇಲ್ದ ಇಳಿದು ಬರ್ತಾರ. ಹಗಲಾಗ ಮುಂದಿನ ಗೇಟಿಗೆ ಬರಂಗೇ ಇಲ್ಲ, ಪಕ್ಕದ ಸಣ್ಣ ಗೇಟಿನಿಂದ ಸುತ್ತ ಹಾಕಿ ಹೋಗ್ತಾರ. ಮುಂದ ಬಂದ್ರ ರೊಟ್ಟಿ ದೇವಕಮ್ಮನ ಅಂಗಡಿ ಹಾಯಬೇಕಲ್ರಿ.”

“ಅವರಿಬ್ಬರದೇನು ತಕರಾರು?”

“ಒಡಹುಟ್ಟಿದ ಅಕ್ಕ-ತಂಗಿ ಅಂತ್ರಿ. ಮಾತಿಲ್ಲ, ಕತಿ ಇಲ್ಲ.”

ದಾರಿಯುದ್ದಕ್ಕೂ ಪರಿಮಳಾ ಲೆಕ್ಕ ಹಾಕಿದರು. ಇದನ್ನು ಮಾಡಿದವರಿಗೆ ಬ್ಯಾಟರಿ ಬೇಕಿರಲಿಲ್ಲ, ಜನರೇಟರ್ ನಡೆಯಬಾರದಿತ್ತು, ಅಷ್ಟೇ. ಡೀಸೆಲ್ ಮುಟ್ಟದವರು, ನಟ್ಟು ಜೋಪಾನವಾಗಿ ಇಟ್ಟವರು ಕತ್ತಲನ್ನು ಕೇಳುತ್ತಿದ್ದರು. ಆದರೆ ಕೂಡಿ ಕೂರದ ಇಬ್ಬರು ಹೆಂಗಸರಿಗೆ ಕತ್ತಲಿಂದ ಏನು ಸಿಗುತ್ತದೆ ಎಂಬುದು ಅವರ ತಲೆಗೆ ಹತ್ತಲಿಲ್ಲ.

ಶನಿವಾರ ಸಂಜೆ ಐದಕ್ಕೆ ಮತ್ತೆ ಅಂಗಳಕ್ಕೆ ಹೋಗಿ ಪೆಟ್ಟಿಗೆಯ ಚಿಲಕ ತೆಗೆದರು. ಖಾಲಿ ತಟ್ಟೆಯ ಮೇಲೆ ಇರುವೆಗಳ ಸಾಲು ಹರಿದಿತ್ತು. ಒಂದೊಂದು ಇರುವೆಯ ಬಾಯಲ್ಲೂ ಒಂದೊಂದು ಬಿಳಿ ಕಣ.

“ಭೀಮರಾಯ, ಇರುವಿ ಆ್ಯಸಿಡ್ ತಿಂತಾವೇನು?”

ಭೀಮರಾಯ ಬಗ್ಗಿ ನೋಡಿದ. ಪುಡಿಯನ್ನು ಬೆರಳಿಂದ ತೆಗೆದು ಮೂಸಿದ, ನಾಲಗೆಗೆ ಹಚ್ಚಿಕೊಂಡ. ಅವನ ಮುಖ ಸಣ್ಣದಾಯಿತು. “ಜ್ವಾಳದ ಹಿಟ್ಟು ಮೇಡಂ.”

ಇಬ್ಬರೂ ರೊಟ್ಟಿ ಕೇಂದ್ರದ ಹಿಂಬಾಗಿಲ ಕಡೆ ನೋಡಿದರು. ಒಳಗಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಮೂರು ವರ್ಷದಿಂದ ಠಾಣೆಯ ಹೊಟ್ಟೆ ತುಂಬಿಸಿದ್ದ ಸದ್ದು ಅದು. ಪರಿಮಳಾಗೆ ನಿಜಕ್ಕೂ ಬೇಜಾರಾಯಿತು.

“ನಾಳಿ ಊಟಕ್ಕ ಏನ್ರಿ ಮೇಡಂ?” ಎಂದ ಭೀಮರಾಯ.

“ಬಾಯಿ ಮುಚ್ಚು. ಕತ್ತಲಾಗೋ ತನಕ ಇಲ್ಲೇ ಇರೂಣು.”

ಏಳರ ಸುಮಾರಿಗೆ ದಿನದಂತೆ ಕರೆಂಟ್ ಹೋಯಿತು. ಮನೆಗಳಿಂದ ಗೊಣಗಾಟ ಕೇಳಿಬಂತು. ಅಂಗಳ ಕಪ್ಪಾಯಿತು. ಪರಿಮಳಾ ಮತ್ತು ಭೀಮರಾಯ ಜನರೇಟರಿನ ಮರೆಯಲ್ಲಿ ನಿಂತಿದ್ದರು. ಹಿಂಬಾಗಿಲು ಕಿರ್ ಎಂದಿತು, ಯಾರೋ ಬೆಂಚಿನ ಮೇಲೆ ಕೂತರು. ತುಸು ಹೊತ್ತಿಗೆ ಮೆಟ್ಟಿಲ ಕಡೆಯಿಂದ ಕುಂಟುವ ಹೆಜ್ಜೆ ಬಂದು ಬೆಂಚಿನ ಇನ್ನೊಂದು ತುದಿಗೆ ಕೂತಿತು.

“ಕಾಲು ಹೆಂಗದ?” ಅದು ದೇವಕಮ್ಮನ ದನಿ.

“ಅದ. ಏನು ತಂದಿ?”

“ಪುಂಡಿಪಲ್ಲೆ. ಅವ್ವ ಮಾಡ್ತಿದ್ಲಲ್ಲ, ಹಂಗ ಬೆಳ್ಳುಳ್ಳಿ ಜಾಸ್ತಿ ಹಾಕಿ ಮಾಡೀನಿ.”

ಸ್ವಲ್ಪ ಹೊತ್ತು ತಿನ್ನುವ ಸದ್ದು. ಆಮೇಲೆ ಸುಮಂಗಲಾ ಹೇಳಿದರು, “ಮಷೀನಿಂದು ಬ್ಯಾಟರಿ ಯಾರೋ ಕದ್ದಾರಂತ. ಕದ್ದವನ ಹೊಟ್ಟಿ ತಣ್ಣಗಿರಲಿ.”

“ಹೂಂ,” ಎಂದಳು ದೇವಕಮ್ಮ ಬಹಳ ಸಣ್ಣಗೆ.

ಕತ್ತಲಲ್ಲಿ ಭೀಮರಾಯನಿಗೆ ನಗು ತಡೆಯಲಾಗಲಿಲ್ಲ. ಪರಿಮಳಾ ಅವನ ಕಾಲು ತುಳಿದರು.

“ಕೈ ಯಾಕ ಹಿಂಗ ಬೊಬ್ಬಿ ಎದ್ದಾದ?”

“ಹಂಚು ಸುಟ್ಟಿತು.”

“ಈ ವಯಸ್ಸಿನಾಗ ಹಂಚು ಸುಡ್ತದ ನಿನಗ?” ಸುಮಂಗಲಾ ಅಕ್ಕನ ಕೈಯನ್ನು ಬಿಡಲಿಲ್ಲ. “ಅಕ್ಕಾ, ಸುನೀಲನ ವರ್ಗಾದ ಸಲುವಾಗಿ ಒಂದನೇ ತಾರೀಖಿಗೆ ಬೀದರ್ ಗಾಡಿ ಹತ್ತಬೇಕು. ಅಲ್ಲಿ ನನಗ ಕತ್ತಲ ಸಿಕ್ರೂ ನೀ ಸಿಗಂಗಿಲ್ಲ.”

“ಆಣಿ ಮಾಡುವಾಗ ತಿಳಿಬೇಕಾಗಿತ್ತು.”

“ಮಾಡೀನಲ್ಲ. ಗದ್ದುಗಿ ಮುಂದ, ನಿನ್ನ ಮಾರಿ ನೋಡಿದ್ರ ನನ್ನ ಕಣ್ಣು ಹೋಗಲಿ ಅಂತ. ಈಗ ಹಿಂದಕ ತಗೊಳ್ಳಾಕ ಬರ್ತದೇನು?”

ಪರಿಮಳಾರ ಕೈಯಲ್ಲಿ ಟಾರ್ಚ್ ಇತ್ತು. ಗುಂಡಿಯ ಮೇಲೆ ಬೆರಳೂ ಇತ್ತು. ಕಣ್ಣು ಮುಚ್ಚಿಕೊಂಡು ಓಡಿದ ಹೆಂಗಸಿನ ಕತೆ ಆಗ ಅವರಿಗೆ ತಿಳಿಯಿತು. ಟಾರ್ಚನ್ನು ಸದ್ದಾಗದಂತೆ ಜೇಬಿಗೆ ಹಾಕಿಕೊಂಡರು. ಸೂರ್ಯ ಮುಳುಗಿದ ಮೇಲೆ ಹೆಂಗಸರನ್ನು ಬಂಧಿಸಬಾರದು ಎಂಬ ನಿಯಮ ಆ ಸಂಜೆ ಅವರಿಗೆ ಬಹಳ ಅನುಕೂಲಕ್ಕೆ ಬಂತು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಪರಿಮಳಾ ಪಂಚರ ಸಮೇತ ರೊಟ್ಟಿ ಕೇಂದ್ರಕ್ಕೆ ಹೋದರು. ದೇವಕಮ್ಮ ಒಲೆಯ ಮುಂದೆ ಕೂತಿದ್ದಳು. ಪೊಲೀಸರನ್ನು ನೋಡಿದವಳೇ ಎಲ್ಲ ತಿಳಿದುಕೊಂಡಳು.

“ಒಲಿ ಆರಸ್ರಿ ದೇವಕಮ್ಮ.”

“ಇನ್ನ ನಾಕು ರೊಟ್ಟಿ ಹಿಟ್ಟು ನಾದೀನಿ ಯವ್ವಾ. ಬಿಟ್ರ ಕೆಡ್ತದ.”

ಕಾನೂನು ನಾಲ್ಕು ರೊಟ್ಟಿ ಬೇಯುವ ತನಕ ಬಾಗಿಲಲ್ಲಿ ನಿಂತಿತು. ಕೊನೆಯ ರೊಟ್ಟಿ ಬುಟ್ಟಿಗೆ ಬಿದ್ದ ಮೇಲೆ ದೇವಕಮ್ಮ ತಾನೇ ಎದ್ದು ಜೋಳದ ಚೀಲಗಳನ್ನು ಪಕ್ಕಕ್ಕೆ ಎಳೆದಳು. ಹಿಂದೆ, ಒಂದು ಹಲಗೆಯ ಮೇಲೆ, ರೊಟ್ಟಿ ಕಟ್ಟುವ ಬಿಳಿ ಅರಿವೆಯಲ್ಲಿ ಸುತ್ತಿದ ಬ್ಯಾಟರಿ ಇತ್ತು. ಅರಿವೆಯ ಮೇಲೆ ಆ್ಯಸಿಡ್ ತಿಂದ ತೂತುಗಳಿದ್ದವು.

“ಅದಕ್ಕ ಏನೂ ಆಗಿಲ್ರಿ. ಸುನೀಲ ತನ್ನವ್ವನ್ನ ಕರಕೊಂಡು ಬೀದರಕ ಹೋದ ಮರುದಿನ ಅಲ್ಲೇ ಇಡಾಕಿ ಇದ್ದೆ.”

“ಇದನ್ನ ಬಿಚ್ಚೋದು ಎಲ್ಲಿ ಕಲ್ತ್ರಿ?”

“ಕೂಡ್ಸೋ ದಿನ ಆ ಮೆಕ್ಯಾನಿಕ್ ಹುಡುಗ ಮಾಡಿದ್ದು ನೋಡಿದ್ದೆ. ನನ್ನ ಕಡೇನೇ ಕೈ ಒರಸಾಕ ಅರಿವಿ ಇಸ್ಕೊಂಡಿದ್ದ.”

ಜಪ್ತಿ ಪಂಚನಾಮೆ ಬರೆಯುವ ಹೊತ್ತಿಗೆ ದೇವಕಮ್ಮ ಬಾಗಿಲ ಹೊಸ್ತಿಲ ಮೇಲೆ ಕೂತು, ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಹೇಳಿದಳು.

“ನಮ್ಮವ್ವ ಶಿರವಾಳದಾಗ ಸತ್ಲು. ಸುಮ್ಮಿ ಆಗ ಹಸಿ ಬಾಣಂತಿ, ಈ ಸುನೀಲನ್ನ ಹಡದು ಗಂಡನ ಮನ್ಯಾಗ ಇದ್ಲು. ಬಾಣಂತಿನ ಹೆಣದ ಮನಿಗೆ ಕರೀಬಾರದು, ತಾಯಿ-ಮಗೂಗ ಕೆಡಕು ಅಂದ್ರು ಹಿರೇರು. ನಾನೂ ಹೂಂ ಅಂದೆ. ಮಣ್ಣು ಮಾಡಿದ ಮ್ಯಾಲ ಸುದ್ದಿ ಕಳಿಸಿದ್ವಿ. ಅವ್ವನ ಮಾರಿ ಕಡೀಕ ಒಮ್ಮಿ ನೋಡಾಕ ಬಿಡಲಿಲ್ಲ ನೀನು ಅಂತ, ಕೊಡೇಕಲ್ ಗದ್ದುಗಿಗೆ ಹೋಗಿ ಆಣಿ ಮಾಡಿ ಬಂದ್ಲು. ತಪ್ಪು ನಂದ ಅದ ಯವ್ವಾ.”

“ಮತ್ತ ಅಂಗಡಿ ಇದ ಬಿಲ್ಡಿಂಗಿನಾಗ ಯಾಕ ಹಿಡದ್ರಿ?”

“ಆಕಿ ಇಲ್ಲಿದ್ಲಲ್ರಿ.”

ಸುನೀಲಕುಮಾರನಿಗೆ ಈಗ ಮೂವತ್ತು ದಾಟಿತ್ತು. ಅವನ ವಯಸ್ಸೆಷ್ಟೋ ಆ ಆಣೆಯ ವಯಸ್ಸೂ ಅಷ್ಟೇ. ಒಂದು ಸಂಜೆ ಕರೆಂಟ್ ಹೋಗಿದ್ದಾಗ ದೇವಕಮ್ಮ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. ಯಾರೋ ಬಂದು ಇನ್ನೊಂದು ತುದಿಗೆ ಕೂತು, “ಉಂಡೀಯೇನು?” ಎಂದು ಕೇಳಿದರು. ಕಾಣದಿದ್ದರೆ ಆಣೆ ಮುರಿಯುವುದಿಲ್ಲವಲ್ಲ. ಅಂದಿನಿಂದ ಅಕ್ಕ-ತಂಗಿ ಕರೆಂಟ್ ಹೋಗುವುದನ್ನೇ ಕಾಯುತ್ತಿದ್ದರು. ಆಮೇಲೆ ಜನರೇಟರ್ ಬಂತು.

“ದೀಪ ಬಂದ್ ಮಾಡ್ರಿ ಅಂತ ಕಾರ್ಯದರ್ಶಿಗೆ ಕೇಳಬಹುದಿತ್ತಲ್ಲ?”

“ಕೇಳಿದ್ರ ಯಾಕ ಅಂತಾರ. ಹೇಳಿದ್ರ ಊರಿಗೆಲ್ಲಾ ಗೊತ್ತಾಗ್ತದ. ಸುಮ್ಮಿ ಹಟದಾಕಿ, ನಾಚಿ ಮತ್ತ ಕೆಳಗ ಇಳಿಯಂಗೇ ಇಲ್ಲ.”

ಬೆಳಿಗ್ಗೆ ಹತ್ತೂವರೆಗೆ ದೇವಕಮ್ಮನ ಬಂಧನವಾಯಿತು. ಠಾಣೆಯಲ್ಲಿಯೇ ಜಾಮೀನು ಕೊಡಲು ಪರಿಮಳಾ ತಯಾರಿದ್ದರು, ಜಾಮೀನುದಾರರೊಬ್ಬರು ಬೇಕಿತ್ತು. ಹನ್ನೊಂದಕ್ಕೆ ಸುಮಂಗಲಾ ಮಗನ ಕೈ ಹಿಡಿದು, ನೆಲ ನೋಡುತ್ತ ಒಳಗೆ ಬಂದರು. ಪರಿಮಳಾ ಮೊದಲೇ ದೇವಕಮ್ಮನನ್ನು ಕಬ್ಬಿಣದ ಕಪಾಟಿನ ಮರೆಯಲ್ಲಿ, ಗೋಡೆಗೆ ಮುಖ ಮಾಡಿ ಕೂರಿಸಿದ್ದರು.

“ಇಲ್ಲಿ ಸಹಿ ಮಾಡ್ರಿ ಟೀಚರ್, ಸಾಕು,” ಎಂದ ಭೀಮರಾಯ.

ಸುಮಂಗಲಾ ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ಓದತೊಡಗಿದರು. ಒಂದು ಸಾಲಿನ ಮೇಲೆ ಬೆರಳು ನಿಂತಿತು. “‘ಆರೋಪಿಯನ್ನು ಖುದ್ದು ನೋಡಿ ಗುರುತಿಸಿರುತ್ತೇನೆ.’ ನಾ ನೋಡಿಲ್ಲಲ್ಲ.”

“ಅದು ಛಾಪಿಸಿದ್ದು ಬಿಡ್ರಿ, ಯಾರೂ ಓದಂಗಿಲ್ಲ.”

ಶಿಕ್ಷಕಿಯೊಬ್ಬರ ಎದುರು ಹೇಳಬಾರದ ಮಾತು ಅದು. “ನಾ ಓದೀನಿ,” ಎಂದರು ಸುಮಂಗಲಾ. “ಜಿಂದಗಿ ಪೂರಾ ಮಕ್ಕಳಿಗೆ ಸುಳ್ಳು ಬರೀಬ್ಯಾಡ್ರಿ ಅಂತ ಕಿವಿ ಹಿಂಡೀನಿ. ಈಗ ನಾ ಬರೀಲೇನು?”

“ಬರೀದಿದ್ರೂ ನಡೀತದ,” ಎಂದರು ಪರಿಮಳಾ ಅವಸರದಿಂದ. “ಬ್ಯಾರೆ ಯಾರರ ಜಾಮೀನು ಕೊಡ್ತಾರ. ನಿಮಗ ತ್ರಾಸು ಬ್ಯಾಡ.”

“ಬ್ಯಾರೆಯವ್ರು ಯಾಕ? ನನ್ನ ಸಲುವಾಗಿ ಕಳ್ಳಿ ಆಗ್ಯಾಳ ಆಕಿ.”

ಸುಮಂಗಲಾ ಎದ್ದು, ಕುಂಟುತ್ತ ಕಪಾಟು ಸುತ್ತಿ ಹೋದರು. ದೇವಕಮ್ಮ ಗಾಬರಿಯಿಂದ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

“ಬ್ಯಾಡ ಸುಮ್ಮೀ! ನಾ ಜೇಲಿಗೇ ಹೋಗ್ತೀನಿ. ನಿನ್ನ ಕಣ್ಣಿಗೆ ಏನರ ಆದ್ರ?”

“ಕಣ್ಣು ನನ್ನವು. ತೆಗಿ.”

ದೇವಕಮ್ಮ ತೆಗೆಯಲಿಲ್ಲ. ಸುಮಂಗಲಾ ಅಕ್ಕನ ಸುಟ್ಟ ಕೈಯನ್ನು ಮೆತ್ತಗೆ ಬಿಡಿಸಿ ಸೆರಗು ಸರಿಸಿದರು. ನೋಡಿದರು. ಸುಮಂಗಲಾ ಅಕ್ಕನ ಬಿಳಿಯಾದ ಹುಬ್ಬು, ಬಿದ್ದುಹೋದ ಹಲ್ಲು, ಗಲ್ಲದ ಗೆರೆ ಎಲ್ಲವನ್ನೂ ಒಂದೊಂದಾಗಿ ನೋಡಿದರು.

“ಅಕ್ಕಾ,” ಎಂದರು. “ಥೇಟ್ ಅವ್ವನ ಮಾರಿ ಅದ ನಿಂದು.”

ಮೂವತ್ತು ವರ್ಷದ ಹಿಂದೆ ತೋರಿಸದೇ ಹೋದ ಮುಖ ಆ ಕಪಾಟಿನ ಹಿಂದೆ ಕೂತು ತಂಗಿಯನ್ನೇ ನೋಡುತ್ತಿತ್ತು. ಸುಮಂಗಲಾ ಒಮ್ಮೆಲೇ ಗೋಡೆ ಹಿಡಿದುಕೊಂಡರು. “ಏನೂ ಕಾಣವಲ್ದು.”

“ಅಯ್ಯೋ ನಮ್ಮಪ್ಪಾ! ಹೇಳಿದ್ದೆ! ಕಣ್ಣು ಹೋದ್ವೇನ? ಸುಮ್ಮೀ, ನಾ ಕಾಣ್ತೀನೇನ?”

“ಕಣ್ಣು ಹೋಗಿಲ್ಲಕ್ಕ,” ಎಂದು ಸುಮಂಗಲಾ ಅಲ್ಲೇ ಅಕ್ಕನ ಪಕ್ಕ ಕುಸಿದು ಕೂತರು. “ಅಳಾಕತ್ತೀನಿ. ಅಷ್ಟ.”

ಭೀಮರಾಯ ಎದ್ದು ಹೊರಗೆ ಹೋಗಿ ಸುಮ್ಮನೆ ಜೀಪು ಒರೆಸತೊಡಗಿದ. ಕೆಲ ಹೊತ್ತಾದ ಮೇಲೆ ಸುಮಂಗಲಾ ಬಂದು, ಆ ಸಾಲಿನ ಕೆಳಗೆ ದುಂಡಗಿನ ಅಕ್ಷರದಲ್ಲಿ ಸಹಿ ಮಾಡಿದರು. ‘ಸಂಬಂಧ’ ಎಂಬಲ್ಲಿ ‘ಅಕ್ಕ’ ಎಂದು ಬರೆದರು.

ಸಂಘದವರು ರಾಜಿಗೆ ಒಪ್ಪಿದರು. ಪ್ರವೀಣಕುಮಾರ ಎರಡು ದಿನ ಬಿಗಿಯಾಗಿದ್ದು, ಆಮೇಲೆ ರಾಜಿ ಅರ್ಜಿಯನ್ನು ತಾನೇ ಟೈಪು ಮಾಡಿಸಿದ. ಕೋರ್ಟಿಗೆ ಕಳಿಸುವ ವರದಿಯಲ್ಲಿ ಕೃತ್ಯದ ಉದ್ದೇಶವೆಂದು ಭೀಮರಾಯ ರೂಢಿಯಂತೆ ‘ಸ್ವಂತ ಲಾಭಕ್ಕಾಗಿ’ ಎಂದು ಬರೆದಿದ್ದ. ಪರಿಮಳಾ ಪೆನ್ನು ಹಿಡಿದು ಹೊಡೆದುಹಾಕಲು ಹೋದರು, ಯೋಚಿಸಿ ಅದನ್ನು ಹಾಗೇ ಬಿಟ್ಟು, ಮುಂದೆ ಸೇರಿಸಿದರು: ‘ತಂಗಿಯೊಂದಿಗೆ ಕೂತು ಮಾತಾಡುವ ಲಾಭ.’

ತಿಂಗಳ ಕೊನೆಯ ವಾರ ಒಂದು ಸಂಜೆ ಪರಿಮಳಾ ರೊಟ್ಟಿ ಒಯ್ಯಲು ಸಂಗಮ ಅಪಾರ್ಟ್‌ಮೆಂಟಿಗೆ ಹೋಗಿದ್ದರು. ಜಪ್ತಾದ ಬ್ಯಾಟರಿ ಇನ್ನೂ ಠಾಣೆಯ ಮುದ್ದೆಮಾಲಿನ ಕೋಣೆಯಲ್ಲಿತ್ತು, ಸೊಹೇಲ್ ತನ್ನ ಅಂಗಡಿಯದೊಂದನ್ನು ತಂದು ಕೂಡಿಸಿದ್ದ. ಏಳರ ಸುಮಾರಿಗೆ ಕರೆಂಟ್ ಹೋಯಿತು. ಪರಿಮಳಾ ಹಿಂಬಾಗಿಲಿಂದ ಅಂಗಳದ ಕಡೆ ನೋಡಿದರು. ಜನರೇಟರ್ ಒಮ್ಮೆ ಕೆಮ್ಮಿ ಚಾಲೂ ಆಯಿತು, ಅಂಗಳದ ದೊಡ್ಡ ದೀಪ ಹತ್ತಿತು. ಬೆಂಚಿನ ಮೇಲೆ ಇಬ್ಬರು ಕೂತಿದ್ದರು, ಒಬ್ಬೊಬ್ಬರು ಒಂದೊಂದು ತುದಿಗಲ್ಲ, ನಡುವೆ. ಸುಮಂಗಲಾ ಅಕ್ಕನ ಮುಖವನ್ನೇ ನೋಡುತ್ತ ಏನೋ ಹೇಳುತ್ತಿದ್ದರು. ದೀಪ ಬಂದದ್ದು ಇಬ್ಬರ ಲಕ್ಷ್ಯಕ್ಕೂ ಬಂದಂತೆ ಕಾಣಲಿಲ್ಲ.